ಬೊಕ್ಕಸದ ಬೀಗದಕೈ ಯಾರ ಸೊಂಟದಲ್ಲಿ?

1971ರ ಅಕ್ಟೋಬರ್ 29ರಂದು ಅಮೇರಿಕದ ಸೆನೆಟ್ ಸಭೆ ವಿದೇಶೀ ನೆರವಿನ ಮಸೂದೆಯನ್ನು ತಳ್ಳಿಹಾಕಿತು. ಪರವಾಗಿ 27 ಮತ, ವಿರುದ್ಧವಾಗಿ 41. ಪೂರ್ವ ಬಂಗಾಳದಿಂದ ನಿರಾಶ್ರಿತರು ಲಕ್ಷಗಟ್ಟಲೆಯಾಗಿ ನಮ್ಮ ಗಡಿ ದಾಟಿ ಬರುತ್ತಿದ್ದ ದಿನಗಳವು. ಅವರನ್ನು ಅಟ್ಟಿದ ಸೇನೆಯ ಕೈಯಲ್ಲಿದ್ದ ಆಯುಧಗಳಲ್ಲಿ ಅಮೇರಿಕದಲ್ಲಿ ತಯಾರಾದವೂ ಇದ್ದವು. ಹೀಗಾಗಿ ಆ ಮತದಾನವನ್ನು ಭಾರತಕ್ಕೆ ಸಂದ ನ್ಯಾಯವೆಂದು ಓದಿಕೊಳ್ಳುವುದು ನಮಗೆ ಸುಲಭ. ಆದರೆ ಆ 41 ಮಂದಿ ಯಾರು ಯಾರೆಂದು ನೋಡಿದರೆ ಬೇರೆಯೇ ಕಥೆ. ವಿಯೆಟ್ನಾಮ್ ಯುದ್ಧದಿಂದ ರೋಸಿ, ನೆರವಿನ ಹೆಸರಿನಲ್ಲಿ ಮದ್ದುಗುಂಡು ಹಂಚಿದ್ದು ಸಾಕೆಂದವರು ಒಂದು ಪಾಲು. ನಾಲ್ಕು ದಿನಗಳ ಹಿಂದೆ ವಿಶ್ವಸಂಸ್ಥೆ ತೈವಾನನ್ನು ಹೊರದೂಡಿ ಕಮ್ಯುನಿಸ್ಟ್ ಚೀನಾಕ್ಕೆ ಪೀಠ ಕೊಟ್ಟಿತೆಂಬ ಸಿಟ್ಟನ್ನು ಈ ಮಸೂದೆಯ ಮೇಲೆ ತೀರಿಸಿಕೊಂಡವರು ಇನ್ನೊಂದು ಪಾಲು. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ. ಬಂಗಾಳದ ನೋವನ್ನು ಮನಸ್ಸಿನಲ್ಲಿಟ್ಟು ಕೈಯೆತ್ತಿದವರು ಇದ್ದರು. ಆದರೆ ಅಂದು ಮಸೂದೆಯನ್ನು ಕೆಡವಿದ್ದು ಆ ನೋವೊಂದೇ ಅಲ್ಲ.

ಪರದೇಶಕ್ಕೆ ಆಯುಧ ಕೊಡುವ ಚರ್ಚೆ ಎಲ್ಲಿ ನಡೆದರೂ ನಾವು ಮೊದಲು ಕೇಳುವ ಪ್ರಶ್ನೆ: ಯಾರಿಗೆ ಕೊಟ್ಟರು? ನಮಗೋ, ನಮ್ಮ ಎದುರಾಳಿಗೋ? ಕೊಡುವ ಅಧಿಕಾರ ಯಾರದಾಗಿತ್ತು ಎಂಬ ಎರಡನೆಯ ಪ್ರಶ್ನೆಯ ತನಕ ಹೋಗುವವರು ಕಡಿಮೆ. ಈ ದೋಷ ನಮ್ಮೊಬ್ಬರದಲ್ಲ. ಆ ದೇಶದ ಸದಸ್ಯರೂ ಪತ್ರಿಕೆಗಳೂ ಎಂಬತ್ತು ವರ್ಷಗಳಿಂದ ಮಾಡಿಕೊಂಡು ಬಂದ ವಾದಗಳನ್ನು ಒರೆಗೆ ಹಚ್ಚಿದರೆ, ಪಡೆಯುವವನು ತಮಗೆ ಪ್ರಿಯನಾಗಿದ್ದರೆ ಅಧಿಕಾರದ ಪ್ರಶ್ನೆಯನ್ನು ನುಂಗಿಕೊಳ್ಳುವುದು, ಅಪ್ರಿಯನಾದರೆ ಮಾತ್ರ ಸಂವಿಧಾನದ ಪುಸ್ತಕ ಬಿಚ್ಚುವುದು ಮತ್ತೆ ಮತ್ತೆ ಕಾಣುತ್ತದೆ. ಇಂದು ನಮ್ಮ ಅನೇಕ ಕುಟುಂಬಗಳ ಮಕ್ಕಳು ಆ ದೇಶದಲ್ಲಿ ನೆಲೆಸಿ ಮತದಾರರೂ ಆಗಿದ್ದಾರೆ. ದೂರವಾಣಿಯಲ್ಲಿ ಅವರನ್ನು ನಾವು ಕೇಳುವುದೂ ಅದೇ ಅಲ್ಲವೇ: "ಯಾವ ಪಕ್ಷ ನಮ್ಮ ಕಡೆ?"

ಆ ದೇಶದ ಸಂವಿಧಾನ ರಚನೆಯ ಸಭೆಯಲ್ಲಿ, 1787ರ ಆಗಸ್ಟ್ 17ರಂದು, ಒಂದು ಕ್ರಿಯಾಪದದ ಬಗ್ಗೆ ಚರ್ಚೆ ನಡೆಯಿತು. ಕರಡಿನಲ್ಲಿ ಯುದ್ಧ 'ಮಾಡುವ' ಅಧಿಕಾರ ಶಾಸನಸಭೆಗೆ ಎಂದಿತ್ತು. ಮ್ಯಾಡಿಸನ್ ಮತ್ತು ಗೆರ್ರಿ ಎಂಬ ಸದಸ್ಯರು ಅದನ್ನು ಯುದ್ಧ 'ಸಾರುವ' ಅಧಿಕಾರ ಎಂದು ತಿದ್ದಿಸಿದರು. ದಿಢೀರನೆ ಶತ್ರು ಮೇಲೆ ಬಿದ್ದರೆ ಸಭೆ ಕೂಡುವ ತನಕ ಕಾಯಲಾಗದು, ಅಷ್ಟರ ಮಟ್ಟಿಗೆ ಅಧ್ಯಕ್ಷನ ಕೈ ಬಿಚ್ಚಿರಲಿ ಎಂಬುದು ಉದ್ದೇಶ. ಮಾಡುವುದಕ್ಕೂ ಸಾರುವುದಕ್ಕೂ ನಡುವೆ ಉಳಿದ ಆ ಸಂದಿಯಲ್ಲಿ ಮುಂದೆ ಇಡೀ ಸೈನ್ಯಗಳೇ ನುಸುಳಿಹೋದವು. ಅಮೇರಿಕದ ಕಾಂಗ್ರೆಸ್ಸು (ಕಾಂಗ್ರೆಸ್ಸೆಂದರೆ ಇಲ್ಲಿ ಆ ದೇಶದ ಸಂಸತ್ತು, ನಮ್ಮ ಪಕ್ಷವಲ್ಲ) ವಿಧಿವತ್ತಾಗಿ ಯುದ್ಧ ಸಾರಿದ್ದು ಕೊನೆಯ ಬಾರಿಗೆ 1942ರಲ್ಲಿ. ಕೊರಿಯಾ, ವಿಯೆಟ್ನಾಮ್, ಇರಾಕ್, ಅಫ್ಘಾನಿಸ್ತಾನ, ಇವೆಲ್ಲ ಸಾರದೆ ಮಾಡಿದ ಯುದ್ಧಗಳು. ಹಾಗಾದರೆ ಶಾಸನಸಭೆಯ ಕೈಯಲ್ಲಿ ಉಳಿದದ್ದು ಏನು? ಹಣ. ಬೊಕ್ಕಸದ ಬೀಗದಕೈ. ವಿದೇಶಕ್ಕೆ ಕೊಡುವ ಆಯುಧವೆಂದರೆ ಅದಕ್ಕೆ ಮುಖ್ಯವಾಗಿ ಹಣದ ಪ್ರಶ್ನೆ. ಆದ್ದರಿಂದಲೇ ಯುದ್ಧದ ಅಧಿಕಾರದ ನಿಜವಾದ ಜಗಳ ರಣರಂಗದ ಸುತ್ತ ನಡೆಯುವುದಕ್ಕಿಂತ ನೆರವಿನ ಮಸೂದೆಗಳ ಸುತ್ತ ಹೆಚ್ಚು ನಡೆದಿದೆ.

ಈ ಜಗಳಗಳಲ್ಲಿ ನಮ್ಮ ಮಟ್ಟಿಗೆ ಅತ್ಯುತ್ತಮವಾದದ್ದು 1941ರದು. ಹಿಟ್ಲರನ ಬಾಂಬುಗಳಡಿಯಲ್ಲಿ ಬ್ರಿಟನ್ ನಲುಗುತ್ತಿತ್ತು. ಆಯುಧ ಕೊಳ್ಳಲು ಅದರ ಕೈಯಲ್ಲಿ ಡಾಲರು ಉಳಿದಿರಲಿಲ್ಲ. ನೆರೆಮನೆಗೆ ಬೆಂಕಿ ಬಿದ್ದಾಗ ತೋಟಕ್ಕೆ ನೀರು ಹಾಯಿಸುವ ಕೊಳವೆಯನ್ನು ಎರವಲು ಕೊಡುವವನು ಮೊದಲು ಬೆಲೆ ಕೇಳುತ್ತಾನೆಯೇ ಎಂದು ರೂಸ್‌ವೆಲ್ಟ್ 1940ರ ಡಿಸೆಂಬರಿನಲ್ಲಿ ಪತ್ರಕರ್ತರ ಮುಂದೆ ಹೇಳಿದರು. ಜನವರಿಯಲ್ಲಿ ಮಸೂದೆ ಬಂದಿತು. ಎರವಲು-ಗುತ್ತಿಗೆ ಕಾಯದೆಯೆಂದು ಮುಂದೆ ಹೆಸರಾದದ್ದು ಅದೇ. ಅಂಥ ಬಿಕ್ಕಟ್ಟಿನಲ್ಲೂ ಅದರ ಮೇಲೆ ಎರಡು ತಿಂಗಳು ಚರ್ಚೆಯಾಯಿತು. ಪ್ರತಿ ನಾಲ್ಕನೆಯ ಹುಡುಗನನ್ನು ಈ ಮಸೂದೆ ನೆಲದಡಿ ಉತ್ತುಬಿಡುತ್ತದೆಂಬ ಕಟುಮಾತನ್ನು ಸೆನೆಟರ್ ವೀಲರ್ ಆಡಿದರು. ಅಧ್ಯಕ್ಷರು ಅಷ್ಟೇ ಕಟುವಾಗಿ ಪ್ರತಿಕ್ರಿಯಿಸಿದರು. ಕೊನೆಗೆ ಸೆನೆಟ್ಟಿನಲ್ಲಿ 60ಕ್ಕೆ 31ರಂತೆ ಗೆದ್ದು, ಮಾರ್ಚ್ 11ರಂದು ಸಹಿಯಾಯಿತು. ಅಧಿಕಾರಕ್ಕೆ ಅವಧಿ ಕಟ್ಟಿದರು. ಮಧ್ಯದಲ್ಲೇ ಹಿಂತೆಗೆದುಕೊಳ್ಳುವ ದಾರಿಯನ್ನೂ ಬರೆದಿಟ್ಟರು. ವಿರೋಧಿಗಳು ಹಿಟ್ಲರನನ್ನು ಅಳೆಯುವುದರಲ್ಲಿ ತಪ್ಪಿದರು. ಆದರೆ ಇಷ್ಟು ಅಧಿಕಾರ ಒಬ್ಬನ ಕೈ ಸೇರಿದರೆ ಯುದ್ಧದ ನಿರ್ಧಾರವೂ ಅವನದೇ ಆಗುತ್ತದೆಂಬ ಅವರ ಎಚ್ಚರಿಕೆ ಸುಳ್ಳಾಗಲಿಲ್ಲ. ಎರಡೂ ಪಕ್ಷದವರು ಎರಡೂ ಪ್ರಶ್ನೆಗಳನ್ನು ಬಾಯಿ ಬಿಟ್ಟು ಕೇಳಿದ್ದು ಆ ಚರ್ಚೆಯ ಗುಣ.

ಅದರ ಪಕ್ಕದಲ್ಲಿ 1964ರ ಆಗಸ್ಟನ್ನು ಇಟ್ಟು ನೋಡಬೇಕು. ಟೊಂಕಿನ್ ಕೊಲ್ಲಿಯಲ್ಲಿ ತಮ್ಮ ಹಡಗುಗಳ ಮೇಲೆ ಎರಡು ಸಲ ದಾಳಿಯಾಯಿತೆಂದು ಜಾನ್ಸನ್ ಸರಕಾರ ಹೇಳಿತು. ಮೂರೇ ದಿನದಲ್ಲಿ, ಬೇಕಾದ ಕ್ರಮಗಳನ್ನೆಲ್ಲ ಕೈಗೊಳ್ಳಿರೆಂದು ಅಧ್ಯಕ್ಷರಿಗೆ ಒಪ್ಪಿಸುವ ಠರಾವು ಪಾಸಾಯಿತು. ಪ್ರತಿನಿಧಿ ಸಭೆಯಲ್ಲಿ 416ಕ್ಕೆ ಸೊನ್ನೆ. ಸೆನೆಟ್ಟಿನಲ್ಲಿ 88ಕ್ಕೆ 2. ಎರಡನೆಯ ದಾಳಿ ನಡೆದೇ ಇರಲಿಲ್ಲವೆಂಬುದು ಆಮೇಲೆ ಸರಕಾರದ್ದೇ ಗುಪ್ತ ದಾಖಲೆಗಳು ಹೊರಬಿದ್ದಾಗ ದೃಢವಾಯಿತು. ಬೇಡವೆಂದ ಇಬ್ಬರು ಮೋರ್ಸ್ ಮತ್ತು ಗ್ರೂನಿಂಗ್. 1968ರಲ್ಲಿ ಇಬ್ಬರೂ ಸ್ಥಾನ ಕಳೆದುಕೊಂಡರು. ಅಧ್ಯಕ್ಷನು ಅಧಿಕಾರವನ್ನು ಕಿತ್ತುಕೊಂಡನೆಂದು ಇತಿಹಾಸಕಾರರು ಬರೆಯುವುದುಂಟು. ಆ ಅಂಕೆಗಳನ್ನು ನೋಡಿದರೆ ತಟ್ಟೆಯಲ್ಲಿಟ್ಟು ಕೊಟ್ಟಂತಿದೆ.

ಇನ್ನು ನಮಗೆ ನೇರವಾಗಿ ತಟ್ಟಿದ 1971ರ ಪ್ರಕರಣ. ಮಾರ್ಚ್ 25ರ ರಾತ್ರಿ ಢಾಕಾದಲ್ಲಿ ಪಾಕಿಸ್ತಾನದ ಸೇನೆ ಕಗ್ಗೊಲೆ ಆರಂಭಿಸಿತು. ಅಲ್ಲಿದ್ದ ಅಮೇರಿಕದ ಕಾನ್ಸಲ್ ಜನರಲ್ ಆರ್ಚರ್ ಬ್ಲಡ್ ಮತ್ತು ಅವರ ಸಿಬ್ಬಂದಿ ಏಪ್ರಿಲಿನಲ್ಲೇ ತಮ್ಮ ಸರಕಾರದ ಮೌನವನ್ನು ಖಂಡಿಸಿ ತಂತಿ ಕಳಿಸಿದರು. ವಾಷಿಂಗ್ಟನ್ನಿನಲ್ಲಿ ಪಾಕಿಸ್ತಾನಕ್ಕೆ ಆಯುಧ ಹೋಗುತ್ತಿಲ್ಲವೆಂಬ ಮಾತು ಕೇಳಿಬರುತ್ತಿರುವಾಗಲೇ, ಜೂನ್ ತಿಂಗಳಲ್ಲಿ ಯುದ್ಧಸಾಮಗ್ರಿ ಹೊತ್ತ ಪಾಕಿಸ್ತಾನದ ಹಡಗುಗಳು ಅಮೇರಿಕದ ಬಂದರಿನಿಂದ ಹೊರಟ ಸುದ್ದಿಯನ್ನು ನ್ಯೂಯಾರ್ಕ್ ಟೈಮ್ಸ್ ಬಯಲು ಮಾಡಿತು. ಹಳೆಯ ಪರವಾನಗಿಗಳು ಇನ್ನೂ ಚಾಲ್ತಿಯಲ್ಲಿವೆ ಎಂಬುದು ವಿವರಣೆ! ಜುಲೈಯಲ್ಲಿ 'ಪದ್ಮಾ' ಎಂಬ ಹಡಗು ಬಾಲ್ಟಿಮೋರಿಗೆ ಬಂದಾಗ ಅಲ್ಲಿಯ ಕೆಲವು ಶಾಂತಿವಾದಿಗಳು ಪುಟ್ಟ ದೋಣಿಗಳಲ್ಲಿ ಕುಳಿತು ಅದಕ್ಕೆ ಅಡ್ಡ ನಿಂತರು. ಕಬ್ಬಿಣದ ಹಡಗಿನ ಮುಂದೆ ಹುಟ್ಟು ಹಾಕುವ ಡೋಣಿ! ಹಡಗು ನಿಲ್ಲಲಿಲ್ಲ, ಸುದ್ದಿ ಮಾತ್ರ ದೇಶವಿಡೀ ಹಬ್ಬಿತು. ಸೆನೆಟ್ಟಿನಲ್ಲಿ ಡೆಮೊಕ್ರಾಟರ ಫ್ರಾಂಕ್ ಚರ್ಚ್, ರಿಪಬ್ಲಿಕನ್ನರ ವಿಲಿಯಂ ಸ್ಯಾಕ್ಸ್‌ಬಿ ಜತೆಗೂಡಿ, ಪಾಕಿಸ್ತಾನಕ್ಕೆ ನೆರವು ನಿಲ್ಲಿಸುವ ತಿದ್ದುಪಡಿಯನ್ನು ಮುಂದಿಟ್ಟರು.

ನಿಕ್ಸನ್ನರ ಸಲಹೆಗಾರ ಕಿಸಿಂಜರರ ಪಕ್ಷದಲ್ಲೂ ಒಂದು ವಾದವಿತ್ತು. ಚೀನಾದ ಬಾಗಿಲು ಪಾಕಿಸ್ತಾನದ ಮೂಲಕ ತೆರೆಯುತ್ತಿತ್ತು. ಅದೇ ಜುಲೈಯಲ್ಲಿ ಅವರು ಪಾಕಿಸ್ತಾನದಿಂದಲೇ ಗುಟ್ಟಾಗಿ ಪೀಕಿಂಗಿಗೆ ಹಾರಿದರು. ಎರಡು ದೊಡ್ಡ ರಾಷ್ಟ್ರಗಳ ಇಪ್ಪತ್ತು ವರ್ಷಗಳ ವೈರ ಕರಗುವುದಾದರೆ ಒಬ್ಬ ಮಧ್ಯಸ್ಥನನ್ನು ಮುನಿಸಿಕೊಳ್ಳಲು ಬಿಡಬಾರದು ಎಂಬ ಈ ವಾದವನ್ನು ನಾವು ಭಾರತೀಯರಾದರೂ ಹಗುರವಾಗಿ ಕಾಣಲಾಗದು. ಆದರೆ ಅಷ್ಟು ಗಟ್ಟಿಯಾದ ವಾದವಿದ್ದರೆ ಗುಪ್ತ ಬೈಠಕ್ಕಿನಲ್ಲಾದರೂ ಸೆನೆಟರುಗಳ ಮುಂದಿಡಬಹುದಿತ್ತು. ಡಿಸೆಂಬರಿನಲ್ಲಿ ನಡೆದದ್ದೇ ಬೇರೆ. ಯುದ್ಧ ಆರಂಭವಾದೊಡನೆ, ಜೋರ್ಡಾನ್ ಮತ್ತು ಇರಾನಿನ ಬಳಿ ಇದ್ದ ಅಮೇರಿಕದ ವಿಮಾನಗಳನ್ನು ಪಾಕಿಸ್ತಾನಕ್ಕೆ ದಾಟಿಸುವ ಯೋಚನೆ ನಡೆಯಿತು. ತಾನು ನೇರವಾಗಿ ಕೊಡಲಾಗದ ದೇಶಕ್ಕೆ ಮೂರನೆಯವನ ಕೈಯಿಂದಲೂ ಕೊಡಿಸುವಂತಿಲ್ಲವೆಂದು ಕಾಯದೆಯಿತ್ತು. ಇದು ಕಾನೂನುಬಾಹಿರವೆಂದು ಅವರದೇ ವಿದೇಶಾಂಗ ಇಲಾಖೆಯವರೂ ರಕ್ಷಣಾ ಇಲಾಖೆಯವರೂ ತಿಳಿಸಿದರು. ತಿಳಿದೂ ಮುಂದುವರಿದರೆಂಬುದಕ್ಕೆ ಬಹಿರಂಗವಾದ ಸರಕಾರಿ ಕಡತಗಳೇ ಸಾಕ್ಷಿ. ಜೋರ್ಡಾನಿನಿಂದ ಕೆಲವು ಎಫ್-104 ವಿಮಾನಗಳು ಹೋದವು. ಎಂಟರ್‌ಪ್ರೈಸ್ ಯುದ್ಧನೌಕೆ ಬಂಗಾಳ ಕೊಲ್ಲಿಗೆ ಬಂದದ್ದು ಎಲ್ಲರಿಗೂ ಗೊತ್ತು; ಕಣ್ಣಿಗೆ ಕಾಣುವ ಹಡಗಾದ್ದರಿಂದ ಅದು ನೆನಪಿನಲ್ಲಿ ಉಳಿಯಿತು. ಮುಂಬಯಿಯಲ್ಲಿ ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿ ಕತ್ತಲಲ್ಲಿ ಕುಳಿತ ಆ ಎರಡು ವಾರಗಳನ್ನು ಮರೆಯದ ಹಿರಿಯರು ಇಂದಿಗೂ ಎಂಟರ್‌ಪ್ರೈಸಿನ ಹೆಸರೆತ್ತುತ್ತಾರೆ. ಜೋರ್ಡಾನಿನ ವಿಮಾನಗಳ ಹೆಸರೆತ್ತುವವರು ಅಪರೂಪ. ಆದರೆ ನಮ್ಮ ವಿಷಯಕ್ಕೆ ಮುಖ್ಯವಾದದ್ದು ಆ ವಿಮಾನಗಳೇ. ಹಡಗನ್ನು ಕಳಿಸುವ ಅಧಿಕಾರ ಸೇನಾಧಿಪತಿಯಾದ ಅಧ್ಯಕ್ಷನಿಗೆ ಇತ್ತೆಂದು ವಾದಿಸಬಹುದು. ವಿಮಾನಗಳನ್ನು ದಾಟಿಸುವ ಅಧಿಕಾರ ಇರಲಿಲ್ಲ.

ವಿಯೆಟ್ನಾಮಿನ ಬೂದಿಯಿಂದ 1973ರಲ್ಲಿ ಯುದ್ಧಾಧಿಕಾರದ ಕಾಯದೆ ಹುಟ್ಟಿತು. ನಿಕ್ಸನ್ನರ ನಿರಾಕರಣೆಯನ್ನು ಮೀರಿ ಅದನ್ನು ಪಾಸು ಮಾಡಿದರು. ಸೈನ್ಯವನ್ನು ಕಾದಾಟಕ್ಕೆ ಕಳಿಸಿದರೆ 48 ಗಂಟೆಗಳಲ್ಲಿ ವರದಿ ಕೊಡಬೇಕು. ಕಾಂಗ್ರೆಸ್ಸು ಒಪ್ಪದಿದ್ದರೆ 60 ದಿನಗಳ ಗಡುವು, ಹಿಂದೆ ಬರಲು ಮತ್ತೆ 30 ದಿನ. ಕಾಗದದ ಮೇಲೆ ಕಬ್ಬಿಣದ ಕಡಲೆ. ಆದರೆ ಬಂದ ವರದಿಗಳ ಭಾಷೆಯನ್ನು ಗಮನಿಸಬೇಕು: ಕಾಯದೆಯ 'ಪ್ರಕಾರ' ಎಂದು ಬರೆಯದೆ ಕಾಯದೆಗೆ 'ಹೊಂದಿಕೊಳ್ಳುವಂತೆ' ಎಂದು ಬರೆಯುವುದು ಅಧ್ಯಕ್ಷರುಗಳ ರೂಢಿಯಾಯಿತು. ಒಂದೇ ಪದದ ವ್ಯತ್ಯಾಸ. ಗಡಿಯಾರ ಓಡತೊಡಗುವುದೇ ಇಲ್ಲ. 2011ರಲ್ಲಿ ಲಿಬಿಯಾದ ಮೇಲೆ ಬಾಂಬು ಬೀಳುತ್ತಿರುವಾಗಲೇ, ಇದು ಆ ಕಾಯದೆ ಹೇಳುವ 'ಕಾದಾಟ'ವಲ್ಲವೆಂದು ಒಬಾಮಾ ಸರಕಾರದ ವಕೀಲರು ವಾದಿಸಿದರು. ಕೆಳಗೆ ಸತ್ತವರಿಗೆ ಆ ಅರ್ಥವಿವರಣೆ ತಲುಪಿರಲಾರದು.

ಬೀಗದಕೈಯನ್ನು ಸೊಂಟಕ್ಕೆ ಬಿಗಿದುಕೊಂಡರೂ ಗೋಡೆಗೆ ಕನ್ನ ಕೊರೆಯಬಹುದೆಂಬುದಕ್ಕೆ 1980ರ ದಶಕದ ನಿಕರಾಗುವ ಪ್ರಕರಣ ನಿದರ್ಶನ. ಅಲ್ಲಿಯ ಸರಕಾರವನ್ನು ಉರುಳಿಸಲು ಹೊರಟ ಕಾಂಟ್ರಾ ಬಂಡುಕೋರರಿಗೆ ಹಣ ಕೊಡಕೂಡದೆಂದು ಬೋಲಂಡ್ ಎಂಬ ಸದಸ್ಯರ ತಿದ್ದುಪಡಿ ಮೊದಲು 1982ರಲ್ಲಿ, ಇನ್ನಷ್ಟು ಬಿಗಿಯಾಗಿ 1984ರಲ್ಲಿ ಬಂದಿತು. ಗುಪ್ತಚರ ಕಾರ್ಯದಲ್ಲಿ ತೊಡಗಿದ ಯಾವ ಸಂಸ್ಥೆಯೂ ಖರ್ಚು ಮಾಡಬಾರದೆಂದು ಅದರ ಒಕ್ಕಣೆ. ಅಧ್ಯಕ್ಷ ರೇಗನ್ನರ ಭದ್ರತಾ ಮಂಡಳಿ ಅಂಥ ಸಂಸ್ಥೆಯೇ ಅಲ್ಲವಲ್ಲ ಎಂದು ಅಲ್ಲಿಯವರು ವಾದ ಹೂಡಿದರು. ನೀನು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುತ್ತೇನೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಆಲಿವರ್ ನಾರ್ತ್ ಎಂಬ ಅಧಿಕಾರಿಯ ಮೇಜಿನಿಂದ ಕಾರುಬಾರು ನಡೆಯಿತು. ಇರಾನಿಗೆ ಗುಟ್ಟಾಗಿ ಆಯುಧ ಮಾರಿ, ಬಂದ ಲಾಭವನ್ನು ಕಾಂಟ್ರಾಗಳಿಗೆ ತಿರುಗಿಸಿದರು. ಸೌದಿ ಅರೇಬಿಯಾದಿಂದ ದೇಣಿಗೆ ಎತ್ತಿದರು. ಬ್ರೂನೈಯ ಸುಲ್ತಾನರು ಕೊಟ್ಟ ಒಂದು ಕೋಟಿ ಡಾಲರು ಮಾತ್ರ ಖಾತೆಯ ಅಂಕೆಗಳು ಹಿಂದುಮುಂದಾಗಿ ಸ್ವಿಟ್ಜರ್ಲೆಂಡಿನಲ್ಲಿ ಇನ್ನಾರದೋ ಖಾತೆಗೆ ಜಮೆಯಾಯಿತು. ಮಹಾಶಕ್ತಿಯ ಗುಪ್ತ ಯುದ್ಧ ಗುಮಾಸ್ತೆಯ ಕೈತಪ್ಪಿನಲ್ಲಿ ಸಿಕ್ಕಿಬಿದ್ದ ಈ ಪ್ರಸಂಗ ಯಾವ ಪ್ರಹಸನಕಾರನಿಗೂ ಹೊಳೆಯುತ್ತಿರಲಿಲ್ಲ.

1986ರ ನವೆಂಬರಿನಲ್ಲಿ ಗುಟ್ಟು ರಟ್ಟಾಯಿತು. ಮುಂದಿನ ವರ್ಷದ ವಿಚಾರಣೆಯನ್ನು ಜನ ದೂರದರ್ಶನದ ಮುಂದೆ ಕುಳಿತು ನೋಡಿದರು. ಸಮವಸ್ತ್ರದಲ್ಲಿ ನೆಟ್ಟಗೆ ಕುಳಿತ ನಾರ್ತ್ ಹಲವರ ಕಣ್ಣಿಗೆ ವೀರನಾಗಿ ಕಂಡ. ಕಮ್ಯುನಿಸ್ಟರ ವಿರುದ್ಧ ಹೋರಾಡುವವರಿಗೆ ಸಹಾಯ ಮಾಡಿದರೆ ತಪ್ಪೇನು ಎಂಬುದು ಅವರ ಪ್ರಶ್ನೆ. ನಮಗೆ ಆ ಚರ್ಚೆಯ ದೊಡ್ಡ ಸೋಲು ಕಾಣುವುದು ಇಲ್ಲೇ. ಎದುರು ಪಕ್ಷದವರು ಕಾಂಟ್ರಾಗಳು ಕೆಟ್ಟವರೆಂದು ರುಜುವಾತುಪಡಿಸುವುದರಲ್ಲಿ ಅರ್ಧ ಶಕ್ತಿ ಕಳೆದರು. ಅವರು ದೇವದೂತರೇ ಆಗಿದ್ದರೂ, ಬೇಡವೆಂದು ಸಭೆ ಹೇಳಿದ ಹಣವನ್ನು ಪರದೇಶದ ರಾಜರಿಂದ ಎತ್ತಿ ತಂದು ಯುದ್ಧ ನಡೆಸುವವನಿಗೆ ಆಮೇಲೆ ಸಭೆಯ ಅಗತ್ಯವೇ ಇರುವುದಿಲ್ಲ. ಆ ಸರಳ ಮಾತು ವಾದದ ಗದ್ದಲದಲ್ಲಿ ಹಿಂದೆ ಬಿತ್ತು. ನಾರ್ತನ ಶಿಕ್ಷೆ ಮೇಲ್ಮನವಿಯಲ್ಲಿ ಬಿದ್ದುಹೋಯಿತು; ಪ್ರಕರಣದ ಇತರ ಆರು ಮಂದಿಗೆ 1992ರ ಕ್ರಿಸ್‌ಮಸ್ಸಿನ ಹಿಂದಿನ ದಿನ ಅಧ್ಯಕ್ಷ ಬುಷ್ ಕ್ಷಮಾದಾನವಿತ್ತರು.

2019ರಲ್ಲಿ ಚಿತ್ರ ತಲೆಕೆಳಗಾಯಿತು. ಇಷ್ಟು ಕಾಲ ಸಭೆ ಬೇಡವೆಂದದ್ದನ್ನು ಅಧ್ಯಕ್ಷ ಕೊಟ್ಟ ಕಥೆ. ಈಗ ಸಭೆ ಕೊಡೆಂದದ್ದನ್ನು ಅಧ್ಯಕ್ಷ ತಡೆದ ಕಥೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಯುಕ್ರೇನಿಗೆ ಮಂಜೂರಾದ ಸುಮಾರು 39 ಕೋಟಿ ಡಾಲರಿನ ಭದ್ರತಾ ನೆರವನ್ನು ಟ್ರಂಪ್ ಸರಕಾರ ಆ ಬೇಸಿಗೆಯಲ್ಲಿ ತಡೆಹಿಡಿಯಿತು. ಹೇಗೆ ತಡೆದರೆಂಬುದು ಕುತೂಹಲಕರ. ಹಣ ಬಿಡುಗಡೆಯ ಪಟ್ಟಿಗಳಿಗೆ ಆಯವ್ಯಯ ಕಚೇರಿ ಅಡಿಟಿಪ್ಪಣಿಗಳನ್ನು ಸೇರಿಸುತ್ತ ಹೋಯಿತು. ಅಡಿಟಿಪ್ಪಣಿಯನ್ನು ಯಾರು ಓದುತ್ತಾರೆ! ನಮ್ಮ ಕನ್ನಡ ಸಂಘಗಳ ಸರ್ವಸಾಧಾರಣ ಸಭೆ ಗ್ರಂಥಾಲಯಕ್ಕೆಂದು ಹಣ ಮಂಜೂರು ಮಾಡಿದ ಮೇಲೆ ಚೆಕ್ಕಿಗೆ ಸಹಿ ಹಾಕದೆ ಕುಳಿತ ಪದಾಧಿಕಾರಿಯನ್ನು ಊಹಿಸಿಕೊಂಡರೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಜುಲೈ 25ರಂದು ಟ್ರಂಪ್ ಯುಕ್ರೇನಿನ ಅಧ್ಯಕ್ಷರೊಡನೆ ದೂರವಾಣಿಯಲ್ಲಿ ಮಾತಾಡುತ್ತ ತನ್ನ ರಾಜಕೀಯ ಪ್ರತಿಸ್ಪರ್ಧಿಯ ವಿಚಾರಣೆ ನಡೆಸಲು ಕೇಳಿಕೊಂಡದ್ದು ಬಯಲಾಗಿ, ಡಿಸೆಂಬರಿನಲ್ಲಿ ಪ್ರತಿನಿಧಿ ಸಭೆ ಮಹಾಭಿಯೋಗ ಹೊರಿಸಿತು. 2020ರ ಫೆಬ್ರವರಿಯಲ್ಲಿ ಸೆನೆಟ್ ದೋಷಮುಕ್ತಗೊಳಿಸಿತು.

ಆ ತಿಂಗಳುಗಳ ಚರ್ಚೆಯೆಲ್ಲ ಆ ಒಂದು ಫೋನ್ ಕರೆಯನ್ನು ಸುತ್ತಿತು. ಅಧ್ಯಕ್ಷರ ಪರ ವಾದಿಸಿದವರು, ನೆರವು ಕೊನೆಗೆ ಸೆಪ್ಟೆಂಬರಿನಲ್ಲಿ ಹೋಯಿತಲ್ಲ ಎಂದರು. ನೀತಿಯ ಕಾರಣಕ್ಕೆ ನೆರವನ್ನು ತಡೆದ ಅಧ್ಯಕ್ಷರು ಹಿಂದೆಯೂ ಇದ್ದರೆಂದರು. ಎರಡನೆಯ ಮಾತಿನಲ್ಲಿ ತಿರುಳಿದೆ. ಆದರೆ ಹಾಗೆ ತಡೆಯುವುದಕ್ಕೂ 1974ರ ಕಾಯದೆಯೊಂದು ದಾರಿ ಹೇಳುತ್ತದೆ: ಕಾರಣ ಬರೆದು ಕಾಂಗ್ರೆಸ್ಸಿಗೆ ತಿಳಿಸಬೇಕು. ತಿಳಿಸಿರಲಿಲ್ಲ. ಕಾಯದೆಯ ಉಲ್ಲಂಘನೆಯಾಗಿದೆಯೆಂದು ಕಾಂಗ್ರೆಸ್ಸಿನ ಲೆಕ್ಕಪರಿಶೋಧನಾ ಕಚೇರಿ 2020ರ ಜನವರಿ 16ರಂದು ತೀರ್ಮಾನ ಕೊಟ್ಟಿತು; ಆಯವ್ಯಯ ಕಚೇರಿ ಅದನ್ನು ಒಪ್ಪಲಿಲ್ಲ. ನಾರ್ತನನ್ನು ಮೆಚ್ಚಿದವರ ಪಕ್ಷವೂ ಕಟಕಿದವರ ಪಕ್ಷವೂ ಈ ಸಲ ಜಾಗ ಬದಲಿಸಿಕೊಂಡು, ಒಬ್ಬರ ಹಳೆಯ ಮಾತುಗಳನ್ನು ಇನ್ನೊಬ್ಬರು ಆಡಿದಂತೆ ಹಲವೆಡೆ ಕೇಳಿಸುತ್ತದೆ.

ರಷ್ಯಾ 2022ರ ಫೆಬ್ರವರಿಯಲ್ಲಿ ಯುಕ್ರೇನಿನ ಮೇಲೆ ನುಗ್ಗಿದ ಬಳಿಕ ಮೊತ್ತಗಳು ಬೆಳೆದವು. 2023ರ ಅಕ್ಟೋಬರಿನಲ್ಲಿ ಬೈಡನ್ ಕೇಳಿದ ನೆರವು ಸುಮಾರು ಆರು ತಿಂಗಳು ಎಳೆದಾಡಿ, 2024ರ ಏಪ್ರಿಲ್ 20ರಂದು ಪ್ರತಿನಿಧಿ ಸಭೆಯಲ್ಲಿ 311ಕ್ಕೆ 112ರಂತೆ ಪಾಸಾಯಿತು. ಯುಕ್ರೇನಿನ ಪಾಲು ಆರು ಸಾವಿರ ಕೋಟಿ ಡಾಲರಿಗೂ ಹೆಚ್ಚು. ಗುರಿ ಏನು, ಕೊನೆ ಎಂದು, ಎಂದು ವಿರೋಧಿಗಳು ಕೇಳಿದ್ದು ನ್ಯಾಯವಾದ ಪ್ರಶ್ನೆ. ಅದಕ್ಕೆ ಸಮರ್ಥಕರು ಕೊಟ್ಟ ಉತ್ತರಗಳಲ್ಲಿ ನಮಗೆ ಬೇಸರ ತಂದದ್ದು ಒಂದು: ಈ ಹಣದ ಬಹುಪಾಲು ನಮ್ಮದೇ ಕಾರಖಾನೆಗಳಲ್ಲಿ ಖರ್ಚಾಗುತ್ತದೆ, ನಮ್ಮವರಿಗೇ ಉದ್ಯೋಗ ಸಿಗುತ್ತದೆ ಎಂಬುದು. 1941ರ ಕೊಳವೆಯ ಉಪಮೆಯಿಂದ ಇಲ್ಲಿಗೆ ಇಳಿದು ಬಂದಿತು. ನೆರೆಮನೆಯ ಬೆಂಕಿ ಕೊಳವೆ ಮಾಡುವವನ ವ್ಯಾಪಾರವಾಯಿತು. ಟ್ರಂಪ್ ಮರಳಿ ಬಂದ ಮೇಲೆ, 2025ರ ಮಾರ್ಚಿನಲ್ಲಿ, ಯುಕ್ರೇನಿಗೆ ಹೋಗುತ್ತಿದ್ದ ಸೈನಿಕ ನೆರವು ಒಂದು ಆಜ್ಞೆಯಿಂದ ನಿಂತಿತು. ಸುಮಾರು ಒಂದು ವಾರದಲ್ಲಿ ಇನ್ನೊಂದು ಆಜ್ಞೆಯಿಂದ ಹೊರಟಿತು. ಆರು ತಿಂಗಳು ಸಭೆ ಹೊಡೆದಾಡಿ ತೆರೆದ ಬಾಗಿಲಿಗೆ ಅಗುಳಿ ಹಾಕಲು ಒಬ್ಬನ ಮಾತು ಸಾಕಾಯಿತು.

ಇದನ್ನೆಲ್ಲ ಓದಿ, ಅಮೇರಿಕದವರ ಪಾಡು ನೋಡಿ ಎಂದು ನಗುವವರಿಗೆ ನಮ್ಮ ಮನೆಯ ಸ್ಥಿತಿಯನ್ನೂ ನೆನಪಿಸಬೇಕಾಗುತ್ತದೆ. ಭಾರತದಲ್ಲಿ ಸೈನ್ಯವನ್ನು ಪರದೇಶಕ್ಕೆ ಕಳಿಸಲು ಸಂಸತ್ತಿನ ಪೂರ್ವಾನುಮತಿ ಬೇಕೆಂಬ ನಿಯಮವೇ ನಮ್ಮ ಸಂವಿಧಾನದಲ್ಲಿಲ್ಲ. ಅಲ್ಲಿ ಮುರಿಯಲಿಕ್ಕಾದರೂ ಒಂದು ಕಾಯದೆಯಿದೆ. 1987ರ ಜುಲೈ 29ರಂದು ಕೊಲಂಬೊದಲ್ಲಿ ರಾಜೀವ ಗಾಂಧಿ ಮತ್ತು ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದರು. ಮರುದಿನವೇ ನಮ್ಮ ಜವಾನರು ಶ್ರೀಲಂಕೆಯಲ್ಲಿಳಿದರು. ಶಾಂತಿ ಕಾಯಲು ಹೋದವರು ಅಕ್ಟೋಬರಿನ ವೇಳೆಗೆ ಹುಲಿಗಳೊಡನೆ ಕಾದಾಡುತ್ತಿದ್ದರು. ಅದನ್ನು ಯುದ್ಧವೆಂದು ಯಾರೂ ಸಾರಲಿಲ್ಲ, ಅದರ ಹೆಸರು ಕೊನೆಯ ತನಕ 'ಶಾಂತಿಪಾಲನೆ'. ಸುಮಾರು 1,200 ಮಂದಿ ತಿರುಗಿ ಬರಲಿಲ್ಲ. ಈಗ ಆಯುಧ ಕೊಡುವವರ ಸಾಲಿನಲ್ಲಿ ನಾವೂ ಇದ್ದೇವೆ. ಹತ್ತು ಕೋಟಿ ಡಾಲರಿನ ಸಾಲದ ಅಡಿಯಲ್ಲಿ ಕಟ್ಟಿದ 12 ಕಾವಲು ದೋಣಿಗಳನ್ನು 2022ರ ಜೂನಿನಲ್ಲಿ ವಿಯೆಟ್ನಾಮಿಗೆ ಒಪ್ಪಿಸಿದೆವು. ಒಳ್ಳೆಯ ಕೆಲಸವೇ ಇರಬಹುದು. ಆದರೆ ಯಾರಿಗೆ, ಎಷ್ಟು, ಯಾವ ಶರತ್ತಿನ ಮೇಲೆ ಎಂದು ಕೇಳುವ ಒಬ್ಬ ಚರ್ಚ್, ಒಬ್ಬ ಸ್ಯಾಕ್ಸ್‌ಬಿ ನಮ್ಮ ಸಭೆಯಲ್ಲಿ ಎದ್ದು ನಿಂತರೆ ಅವರನ್ನು ದೇಶದ್ರೋಹಿ ಎನ್ನದೆ ಕೇಳಿಸಿಕೊಳ್ಳುವ ತಾಳ್ಮೆ ನಮಗಿದೆಯೇ?

ಚೆನ್ನೈಯಲ್ಲಿರುವ ನಮ್ಮ ಹಿರಿಯ ಓದುಗರಿಗೆ 1990ರ ಮಾರ್ಚ್ ನೆನಪಿರಬಹುದು. ಶ್ರೀಲಂಕೆಯಿಂದ ಕೊನೆಯ ತುಕಡಿಗಳು ಹಡಗಿನಲ್ಲಿ ಮದರಾಸಿನ ಬಂದರಿಗೆ ಬಂದಾಗ ಅವರನ್ನು ಎದುರುಗೊಳ್ಳಲು ರಾಜ್ಯದ ಮುಖ್ಯಮಂತ್ರಿ ಹೋಗಲಿಲ್ಲ. ಅದನ್ನು ಕುರಿತು ಪತ್ರಿಕೆಗಳಲ್ಲಿ ಬಹಳ ಜಗಳವಾಯಿತು. ಅವರನ್ನು ಕಳಿಸುವ ಮೊದಲು ಯಾರನ್ನು ಕೇಳಿದ್ದರೆಂಬ ಜಗಳ ಅಷ್ಟು ಜೋರಾಗಿ ನಡೆಯಲಿಲ್ಲ.